ಕೃಷಿ ಹೊಂಡದಲ್ಲಿ ಸಿಕ್ಕ ಪಟ್ಟೆ ಪಟ್ಟೆ ಬಂಡೆ: ಇದು ಕೆರೆ ಹೂಳಿನ ಪದರವಾ?

ಬಂಗಾರಪೇಟೆ ರೋಡ್

ಎಲ್ಲರಿಗೂ ನಮಸ್ಕಾರ. ಕೋಲಾರ–ಬಂಗಾರಪೇಟೆ ರಸ್ತೆಯಿಂದ ಸ್ವಲ್ಪ ಒಳಗೆ ನಮ್ಮ ಮಾವಿನ ತೋಟ ಇದೆ. ಅಲ್ಲಿ ಕೃಷಿ ಹೊಂಡ ತೋಡಿಸುತ್ತಿದ್ದೇವೆ. ಮೇಲೆ ಕೆಮ್ಮಣ್ಣು, ಆಮೇಲೆ ಗರಸು, ಅದು ಮುಗಿದ ಕೂಡಲೇ ಬಂಡೆ. ಹಿಟಾಚಿಗೆ ಬ್ರೇಕರ್ ಹಾಕಿಸಿ ಒಂದು ಮೂಲೆ ಒಡೆಸಿದೆವು. ಹೊಸದಾಗಿ ಒಡೆದ ಮುಖ ನೋಡಿದರೆ ಪೂರ್ತಿ ಪಟ್ಟೆ ಪಟ್ಟೆ. ಬಿಳಿ, ಬೂದಿ, ಕಪ್ಪು, ಮತ್ತೆ ಬಿಳಿ. ಕೆಲವು ಬೆರಳಗಲ ಇವೆ, ಕೆಲವು ದಾರದಷ್ಟು ಸಣ್ಣ. ನೆಲಕ್ಕೆ ಅಡ್ಡವಾಗಿಯೂ ಇಲ್ಲ. ಹೆಚ್ಚು ಕಡಿಮೆ ನೆಟ್ಟಗೆ ನಿಂತಿವೆ.

ಅಪ್ಪ ಹೇಳುವುದು, ಇಲ್ಲಿ ಒಂದು ಕಾಲಕ್ಕೆ ದೊಡ್ಡ ಕೆರೆ ಇತ್ತು, ವರ್ಷ ವರ್ಷ ಹೂಳು ಕೂತು ಹೀಗೆ ಪದರ ಆಗಿದೆ ಅಂತ. ಮಾವನದು ಬೇರೆ ಲೆಕ್ಕ. ಕಪ್ಪು ಪಟ್ಟೆ ಹೋದ ದಾರಿಯಲ್ಲೇ ನೀರು ಇರುತ್ತದೆ, ಅದರ ಮೇಲೇ ಬೋರ್ ಪಾಯಿಂಟ್ ಹಾಕಿಸು ಅನ್ನುತ್ತಿದ್ದಾರೆ. ಬೋರ್ ಕೊರೆಸುವುದೆಂದರೆ ಲಕ್ಷಗಳ ಮಾತು. ಸುಮ್ನೆ ನಂಬಿ ದುಡ್ಡು ಹಾಕುವುದಕ್ಕೆ ಮನಸ್ಸಿಲ್ಲ. ತಿಳಿದವರು ಹೇಳಿ.

ಪುರಿ ಪ್ರಿಯ

ಕಪ್ಪು ಬಿಳಿ ಪಟ್ಟೆ ಅಂದರೆ ಜೀಬ್ರಾ ಸಿಕ್ಕಿರಬೇಕು ಅಣ್ಣ. ಅರಣ್ಯ ಇಲಾಖೆಗೆ ಹೇಳಿಬಿಡಿ.

ಹತ್ತನೇ ಕ್ಲಾಸ್ ಅಮ್ಮ

ನನ್ನ ಮಗಳ ಪುಸ್ತಕದಲ್ಲಿ ಇದೇ ಪಾಠ ಇದೆ. ನೀರಿನ ತಳದಲ್ಲಿ ಮಣ್ಣು, ಮರಳು ಕೂತು ಗಟ್ಟಿಯಾದರೆ ಪದರ ಬರುತ್ತದೆ ಅಂತ. ಹಾಗಾದರೆ ನಿಮ್ಮ ತಂದೆ ಹೇಳಿದ್ದು ಸರಿ ಅಲ್ವಾ?

ಚಿಂತಾಮಣಿ ಮೇಷ್ಟ್ರು

ಪದರ ಕಂಡ ಕೂಡಲೇ ನೀರಿನ ತಳ ಅಂದುಕೊಳ್ಳಬೇಡಿ. ಕಾಲೇಜಿನಲ್ಲಿ ಇದೇ ಪಾಠ ಮಾಡುತ್ತಾ ರಿಟೈರ್ ಆದವನು ನಾನು. ಪ್ರತಿ ವರ್ಷ ಇದೇ ಪ್ರಶ್ನೆ ಬರುತ್ತಿತ್ತು.

ಬಂಗಾರಪೇಟೆಯವರೇ, ಉತ್ತರ ಹೇಳುವ ಮೊದಲು ಸ್ವಲ್ಪ ಕೆಲಸ ಕೊಡುತ್ತೇನೆ. ಕಲ್ಲಿನ ಮೇಲೆ ನೀರು ಸುರಿದು ತೊಳೆಯಿರಿ. ಒದ್ದೆಯಾದ ಕಲ್ಲಿನಲ್ಲಿ ಎಲ್ಲ ಚೆನ್ನಾಗಿ ಕಾಣುತ್ತದೆ. ಬಿಳಿ ಪಟ್ಟೆಯಲ್ಲಿ ಏನೇನು ಕಾಳು ಇದೆ, ಕಪ್ಪು ಪಟ್ಟೆಯಲ್ಲಿ ಏನು ಹೊಳೆಯುತ್ತದೆ, ಕಪ್ಪು ಪಟ್ಟೆ ಉದ್ದಕ್ಕೂ ಒಂದೇ ಅಗಲ ಇದೆಯಾ, ಬಿಳಿ ಪಟ್ಟೆಯ ಅಂಚು ಹೇಗಿದೆ, ಇವನ್ನು ನೋಡಿ ಬರೆಯಿರಿ. ಮೊಬೈಲ್ ಫೋಟೋ ಬೇಡ. ಅದರಲ್ಲಿ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತದೆ.

ಬಂಗಾರಪೇಟೆ ರೋಡ್

ಮೇಷ್ಟ್ರೇ, ಬೆಳಿಗ್ಗೆ ಬಿಸಿಲು ಏರುವ ಮೊದಲೇ ಹೋಗಿ ನೋಡಿದೆ. ಎರಡು ಬಿಂದಿಗೆ ನೀರು ಸುರಿದು ತೆಂಗಿನ ನಾರಿನಲ್ಲಿ ಉಜ್ಜಿದೆ.

ಬಿಳಿ ಪಟ್ಟೆಯಲ್ಲಿ ಎರಡು ಥರ ಇದೆ. ಒಂದು ಹಾಲಿನ ಬಣ್ಣ, ಓರೆಯಾಗಿ ಹಿಡಿದರೆ ಮುಖ ನುಣುಪಾಗಿ ಮಿಂಚುತ್ತದೆ. ಇನ್ನೊಂದು ಎಣ್ಣೆ ಸವರಿದ ಗಾಜಿನ ಥರ, ಅದಕ್ಕೆ ಅಂಥ ಚಪ್ಪಟೆ ಮುಖ ಇಲ್ಲ. ಸಣ್ಣ ಕಪ್ಪು ಪಟ್ಟೆಯಲ್ಲಿ ಕಾಗೆಬಂಗಾರ ಇದೆ. ಉಗುರಿನಲ್ಲಿ ಕೆರೆದರೆ ಚಕ್ಕೆ ಎದ್ದು ಬರುತ್ತದೆ, ಬೆರಳಿಗೆ ಮಿಣಿಮಿಣಿ ಅಂಟುತ್ತದೆ. ಎಲ್ಲ ಚಕ್ಕೆಗಳೂ ಒಂದೇ ಕಡೆಗೆ ಮಲಗಿವೆ.

ಒಂದು ಕಪ್ಪು ಪಟ್ಟೆ ಮಾತ್ರ ದಪ್ಪ, ಒಂದು ಗೇಣು ಇದೆ. ಅದು ಉದ್ದಕ್ಕೂ ಒಂದೇ ಸಮ ಇಲ್ಲ. ಸ್ವಲ್ಪ ದೂರ ದಪ್ಪ, ಆಮೇಲೆ ಸಣ್ಣ ಆಗಿ ಕತ್ತರಿಸಿ ಹೋಗುತ್ತದೆ. ಒಂದು ಅಡಿ ಬಿಟ್ಟು ಮತ್ತೆ ಶುರು. ನಡುವಿನ ಜಾಗದಲ್ಲಿ ಬಿಳಿ ಕಲ್ಲು ತುಂಬಿದೆ. ಇನ್ನೊಂದು ವಿಚಿತ್ರ. ಕೆಲವು ಬಿಳಿ ಪಟ್ಟೆಗಳ ಎರಡೂ ಅಂಚಿಗೆ ಕಾಡಿಗೆ ಎಳೆದ ಹಾಗೆ ತೆಳುವಾಗಿ ಕಪ್ಪು ಗೆರೆ ಇದೆ.

ಚಿಂತಾಮಣಿ ಮೇಷ್ಟ್ರು

ಶಭಾಷ್. ಇಷ್ಟು ಚೆನ್ನಾಗಿ ನೋಡುವ ಹುಡುಗರು ನನ್ನ ಕ್ಲಾಸಿನಲ್ಲಿ ಕಡಿಮೆ ಇದ್ದರು.

ನಿಮ್ಮ ಹೊಂಡದಲ್ಲಿರುವುದು ನೈಸ್ (gneiss) ಕಲ್ಲು, ಅಂದರೆ ಆಳದಲ್ಲಿ ಬಿಸಿಗೆ, ಒತ್ತಡಕ್ಕೆ ಸಿಕ್ಕಿ ರೂಪ ಬದಲಾದ ಪಟ್ಟೆ ಕಲ್ಲು. ಹಾಲಿನ ಬಣ್ಣದ್ದು ಫೆಲ್ಡ್‌ಸ್ಪಾರ್, ಗಾಜಿನಂಥದ್ದು ಕ್ವಾರ್ಟ್ಸ್, ಅಂದರೆ ನಮ್ಮ ಬೆಣಚು. ಚಕ್ಕೆ ಏಳುವುದು ಬಯೊಟೈಟ್ ಎಂಬ ಕಪ್ಪು ಅಭ್ರಕ. ಇದು ಕೆರೆ ಹೂಳಲ್ಲ. ಹೂಳಾಗಿದ್ದರೆ ಫೆಲ್ಡ್‌ಸ್ಪಾರ್ ಕಾಳು ಇಷ್ಟು ದೊಡ್ಡದಾಗಿ, ಒಂದಕ್ಕೊಂದು ಹಲ್ಲು ಕಚ್ಚಿಕೊಂಡು ಬೆಳೆದಿರುತ್ತಿರಲಿಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಬೆಂಗಳೂರು, ತುಮಕೂರು, ಎಲ್ಲ ಕಡೆ ತಳಪಾಯದ ಕಲ್ಲು ಹೆಚ್ಚಾಗಿ ಇಂಥದ್ದೇ. ಮೈಸೂರು ಸಂಸ್ಥಾನದ ಜಿಯಾಲಜಿ ಇಲಾಖೆಯಲ್ಲಿದ್ದ ಸ್ಮೀತ್ ಎಂಬವರು 1916ರಲ್ಲಿ ಇದನ್ನು ಪೆನಿನ್ಸುಲರ್ ನೈಸ್ ಎಂದು ಕರೆದರು. ಲಾಲ್‌ಬಾಗ್ ಬಂಡೆಯೂ ಇದೇ ಜಾತಿ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಅಲ್ಲಿ ಫಲಕವೇ ಇದೆ. ಜನ ಮಾತ್ರ ಅದರ ಮೇಲೆ ಕೂತು ಕಡಲೇಕಾಯಿ ತಿಂದು ಬರುತ್ತಾರೆ.

ಇನ್ನು ಪಟ್ಟೆ ಹೇಗೆ ಬಂತು ಎನ್ನುವ ಪ್ರಶ್ನೆ. ಒಂದೇ ಕಾರಣ ಹೇಳಿ ಮುಗಿಸುವವರನ್ನು ನಂಬಬೇಡಿ. ನಾಲ್ಕೈದು ದಾರಿಯಲ್ಲಿ ಬರಬಹುದು. ನಿಮ್ಮ ಒಂದೇ ಹೊಂಡದಲ್ಲಿ ಮೂರು ದಾರಿಯಾದರೂ ಕಾಣುತ್ತಿವೆ.

ಮೊದಲು ಅಭ್ರಕದ ಚಕ್ಕೆ ಒಂದೇ ಕಡೆ ಮಲಗಿದ್ದನ್ನು ತೆಗೆದುಕೊಳ್ಳಿ. ಆಳದಲ್ಲಿ ಕಲ್ಲಿನ ಮೇಲೆ ಒತ್ತಡ ಇದ್ದೇ ಇರುತ್ತದೆ. 20 ಕಿಲೋಮೀಟರ್ ಕೆಳಗೆ ಹೋದರೆ ಇಲ್ಲಿನ ಗಾಳಿಯ ಒತ್ತಡಕ್ಕಿಂತ ಸುಮಾರು 5,000 ಪಟ್ಟು. ಆದರೆ ಎಲ್ಲ ಕಡೆಯಿಂದ ಸಮನಾಗಿ ಒತ್ತಿದರೆ ಪಟ್ಟೆ ಬರುವುದಿಲ್ಲ. ಒಂದು ಕಡೆಯಿಂದ ಜಾಸ್ತಿ, ಇನ್ನೊಂದು ಕಡೆಯಿಂದ ಕಡಿಮೆ ಇರಬೇಕು. ಆಗ ಚಪ್ಪಟೆ ಹರಳುಗಳು ಜಾಸ್ತಿ ಒತ್ತಡಕ್ಕೆ ಅಡ್ಡವಾಗಿ ತಿರುಗುತ್ತವೆ. ಹೊಸದಾಗಿ ಹುಟ್ಟುವವೂ ಅದೇ ದಿಕ್ಕಿನಲ್ಲಿ ಬೆಳೆಯುತ್ತವೆ. ನಿಮ್ಮ ಪಟ್ಟೆ ನೆಟ್ಟಗೆ ನಿಂತಿದೆ ಅಂದರೆ, ಒತ್ತಿದ್ದು ಮೇಲಿನಿಂದಲ್ಲ, ಪಕ್ಕದಿಂದ ಎಂದು ಅಂದಾಜು ಮಾಡಬಹುದು. ಹಾಗೇ ಹುಟ್ಟಿದ್ದೂ ಇರಬಹುದು, ಮಲಗಿದ್ದ ಪಟ್ಟೆ ಆಮೇಲೆ ಮಡಚಿ ಎದ್ದು ನಿಂತಿದ್ದೂ ಇರಬಹುದು.

ಬರೀ ತಿರುಗಿದರೆ ಸಾಲು ಬರುತ್ತದೆ, ಬಣ್ಣ ಬೇರೆ ಬೇರೆ ಆಗುವುದಿಲ್ಲ. ಬಣ್ಣ ಬೇರೆ ಆಗುವುದಕ್ಕೆ ವಸ್ತು ಜಾಗ ಬದಲಾಯಿಸಬೇಕು. ಕಾಳು ಕಾಳಿನ ನಡುವೆ ಸ್ವಲ್ಪ ನೀರಿನಂಶ ಇರುತ್ತದೆ. ಜಾಸ್ತಿ ಒತ್ತಡ ಬಿದ್ದ ಜಾಗದಲ್ಲಿ ಕ್ವಾರ್ಟ್ಸ್ ಅದರಲ್ಲಿ ಕರಗಿ, ಒತ್ತಡ ಕಡಿಮೆ ಇರುವ ಪಕ್ಕದ ಜಾಗಕ್ಕೆ ಹೋಗಿ ಮತ್ತೆ ಹರಳಾಗುತ್ತದೆ. ಅಭ್ರಕ ಹಾಗೆ ಸುಲಭವಾಗಿ ಕರಗುವುದಿಲ್ಲ, ಅಲ್ಲೇ ಉಳಿಯುತ್ತದೆ. ಹೀಗೆ ನಿಧಾನವಾಗಿ ಬಿಳಿಯದು ಒಂದು ಕಡೆ, ಕಪ್ಪಿನದು ಒಂದು ಕಡೆ.

ಬಿಳಿ ಪಟ್ಟೆಯ ಅಂಚಿನ ಕಪ್ಪು ಗೆರೆಗೆ ನಾಳೆ ಬರುತ್ತೇನೆ. ಕರೆಂಟ್ ಹೋಗುವ ಹೊತ್ತಾಯಿತು.

ಶಿಡ್ಲಘಟ್ಟ ಕಲ್ಲುಕೆಲಸ

ಮೇಷ್ಟ್ರು ಹೇಳಿದ್ದು ದೊಡ್ಡ ವಿಷಯ. ನಾವು ಕಲ್ಲು ಒಡೆಯುವವರು, ನಮ್ಮ ಕಡೆಯಿಂದ ಒಂದು ಮಾತು. ಪಟ್ಟೆ ಇರುವ ಕಡೆಯೇ ಕಲ್ಲು ಸೀಳುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದಾರೆ. ಹಾಗೇನೂ ಇಲ್ಲ. ಕಾಗೆಬಂಗಾರ ಜಾಸ್ತಿ ಇದ್ದರೆ ಪಟ್ಟೆಗುಂಟ ಸಲೀಸಾಗಿ ಸೀಳುತ್ತದೆ. ಬೆಣಚು, ಫೆಲ್ಡ್‌ಸ್ಪಾರ್ ಜಾಸ್ತಿ ಇದ್ದರೆ ಪಟ್ಟೆಗೆ ಅಡ್ಡವಾಗಿಯೂ ನೇರ ಒಡೆಯುತ್ತದೆ. ಸಾಲಾಗಿ ಗುಳಿ ಹೊಡೆದು, ಉಳಿ ಇಟ್ಟು, ಒಂದೊಂದಕ್ಕೂ ಸಮನಾಗಿ ಏಟು ಹಾಕಿಕೊಂಡು ಹೋಗುತ್ತೇವೆ. ಕಲ್ಲಿನ ಸದ್ದು ಬದಲಾದಾಗ ಗೊತ್ತಾಗುತ್ತದೆ, ಬಿಟ್ಟುಕೊಂಡಿತು ಅಂತ.

ಚಪ್ಪಡಿ ಬರುವುದು ಪಟ್ಟೆಯಿಂದ ಅಲ್ಲವೇ ಅಲ್ಲ. ಬಂಡೆ ತಾನಾಗಿಯೇ ನೆಲದ ಮಟ್ಟಕ್ಕೆ ಹಾಳೆ ಹಾಳೆಯಾಗಿ ಬಿಟ್ಟಿರುತ್ತದೆ. ಹಿಂದೆ ಬಂಡೆಯ ಮೇಲೆ ಸೌದೆ ಬೆಂಕಿ ಹಾಕಿ, ಬೆಂಕಿಯನ್ನು ಸರಿಸಿಕೊಂಡು ಹೋಗುತ್ತಾ ಚಪ್ಪಡಿ ಎಬ್ಬಿಸುತ್ತಿದ್ದರು. ಸುತ್ತಿಗೆ ತಟ್ಟಿದರೆ ಎದ್ದಿರುವ ಕಡೆ ಟೊಳ್ಳು ಸದ್ದು ಬರುತ್ತದೆ.

ಚಿಂತಾಮಣಿ ಮೇಷ್ಟ್ರು

ಇದನ್ನು ನಾನೇ ಹೇಳಬೇಕಿತ್ತು, ನೀವು ಹೇಳಿದ್ದು ಇನ್ನೂ ಒಳ್ಳೆಯದಾಯಿತು. ಚಪ್ಪಡಿಯ ಹಾಳೆಗಳು ಬೇರೆ, ನೈಸಿನ ಪಟ್ಟೆ ಬೇರೆ. ಈ ಕಲ್ಲು ಹುಟ್ಟಿದ್ದು ಆಳದಲ್ಲಿ. ಮೇಲಿನ ಭಾರ ಸವೆದು ಹೋದ ಹಾಗೆ ಬಂಡೆ ಹಿಗ್ಗುತ್ತದೆ. ಆಗ ನೆಲದ ಮೇಲ್ಮೈಗೆ ಸರಿಸಮವಾಗಿ ಬಿರುಕು ಬಿಡುತ್ತದೆ. ಗುಂಡಾದ ಬೆಟ್ಟ ಇದ್ದರೆ ಆ ಬಿರುಕೂ ಗುಂಡಾಗಿ ಬಾಗಿರುತ್ತದೆ. ಪಟ್ಟೆಗಿಂತ ತುಂಬಾ ಈಚಿನದು. ಅದಕ್ಕೇ ಒಂದೇ ಬಂಡೆಯಲ್ಲಿ ಪಟ್ಟೆ ನೆಟ್ಟಗೆ ನಿಂತಿರುತ್ತದೆ, ಚಪ್ಪಡಿ ಅಡ್ಡಕ್ಕೆ ಏಳುತ್ತದೆ.

ಆದರೆ ಒಂದು ತಕರಾರು. ಪಟ್ಟೆಗೂ ಸೀಳುವುದಕ್ಕೂ ಸಂಬಂಧವೇ ಇಲ್ಲ ಅನ್ನಬೇಡಿ. ನಿಮ್ಮ ಕೈ ಅಭ್ಯಾಸದಿಂದ ಅಡ್ಡವಾಗಿಯೂ ಒಡೆಯುತ್ತೀರಿ. ಹೊಸಬರು ಒಡೆದರೆ ಪಟ್ಟೆಗುಂಟ ಎಳೆದುಕೊಂಡು ಹೋಗುತ್ತದೆ.

ಶಿಡ್ಲಘಟ್ಟ ಕಲ್ಲುಕೆಲಸ

ಹೊಸಬರು ಒಡೆದರೆ ಎಲ್ಲಿ ಬೇಕಾದರೂ ಹೋಗುತ್ತದೆ ಸಾರ್, ಅದಕ್ಕೆ ಪಟ್ಟೆಯೇ ಬೇಕಿಲ್ಲ.

ಮಧುಗಿರಿ ಕೋಟೆ ಬಾಗಿಲು

ನಮ್ಮ ಏಕಶಿಲಾ ಬೆಟ್ಟದ ಮೇಲೂ ಮೇಲಿಂದ ಕೆಳಗೆ ಉದ್ದುದ್ದ ಕಪ್ಪು ಪಟ್ಟೆಗಳಿವೆ. ಬಸ್ ಸ್ಟ್ಯಾಂಡಿನಿಂದಲೇ ಕಾಣುತ್ತವೆ. ಅದೂ ನೈಸಾ?

ಚಿಂತಾಮಣಿ ಮೇಷ್ಟ್ರು

ಅಲ್ಲ. ಅದು ಮಳೆ ನೀರು ಇಳಿದ ದಾರಿ. ನೀರು ಹರಿಯುವ ಕಡೆ ಬಂಡೆಯ ಮೈ ಮೇಲೆ ಪಾಚಿಯಂಥ ಸೂಕ್ಷ್ಮ ಜೀವಿಗಳು, ಕಲ್ಲುಹೂವು ಬೆಳೆದು ಕಪ್ಪಾಗುತ್ತದೆ. ಒಂದು ಚೂರು ಕೆತ್ತಿ ನೋಡಿದರೆ ಒಳಗೆ ಅದೇ ಕಲ್ಲು.

ಮಧುಗಿರಿಯದು ಕ್ಲೋಸ್‌ಪೇಟೆ ಗ್ರಾನೈಟ್. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು, ಅದರಿಂದ ಬಂದದ್ದು. ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿಲೋಮೀಟರ್ ಉದ್ದಕ್ಕೆ ಈ ಗ್ರಾನೈಟ್ ಪಟ್ಟಿ ಹೋಗುತ್ತದೆ. ಮಾಗಡಿ, ದೇವರಾಯನದುರ್ಗ, ಮಧುಗಿರಿ, ಪಾವಗಡ ಎಲ್ಲ ಅದೇ ಸಾಲು. ವಯಸ್ಸು ಸುಮಾರು 250 ಕೋಟಿ ವರ್ಷ. ನೈಸ್ ಪಟ್ಟೆ ಆದ ಮೇಲೆ ಅದರೊಳಗೆ ನುಗ್ಗಿ ಬಂದದ್ದು. ಆದ್ದರಿಂದ ಹೆಚ್ಚಿನ ಕಡೆ ಅದರಲ್ಲಿ ಪಟ್ಟೆ ಇಲ್ಲ.

ಕೆಲವು ಕಡೆ ಗುಲಾಬಿ ಬಣ್ಣದ ದಪ್ಪ ಫೆಲ್ಡ್‌ಸ್ಪಾರ್ ಹರಳುಗಳು ಸಾಲಾಗಿ ಮಲಗಿರುತ್ತವೆ. ಅದನ್ನು ನೋಡಿ ನೈಸ್ ಅನ್ನುವವರಿದ್ದಾರೆ. ಕಲ್ಲು ಇನ್ನೂ ಅರ್ಧ ಕರಗಿದ್ದಾಗ ಹರಿದ ದಿಕ್ಕಿಗೆ ಹರಳು ತಿರುಗಿದರೂ ಹಾಗೆ ಕಾಣುತ್ತದೆ. ಗುರುತು ಏನೆಂದರೆ, ಹರಿದು ಸಾಲಾದದ್ದಾದರೆ ಹರಳಿನ ಮೂಲೆಗಳು ಚೂಪಾಗಿ ಉಳಿದಿರುತ್ತವೆ. ಗಟ್ಟಿಯಾದ ಮೇಲೆ ಹಿಂಡಿದ್ದಾದರೆ ಮೂಲೆ ಸವೆದು, ಹರಳು ಕಣ್ಣಿನ ಆಕಾರಕ್ಕೆ ಬಂದಿರುತ್ತದೆ. ಸುತ್ತಲೂ ಅಭ್ರಕ ಬಳಸಿಕೊಂಡು ಹೋಗಿರುತ್ತದೆ.

ಮಾರಿಕುಪ್ಪಂ ಲೋಕಲ್

ಕೋಲಾರ ಅಂದ ಮೇಲೆ ನಮ್ಮ ಕೆಜಿಎಫ್ ಬಿಟ್ಟು ಮಾತಾಡಿದರೆ ಹೇಗೆ? ಬಂಗಾರಪೇಟೆ ದಾಟಿ ಪೂರ್ವಕ್ಕೆ ಬಂದರೆ ನೈಸ್ ಮುಗಿದು ಕಪ್ಪು ಕಲ್ಲು ಶುರು. ಉತ್ತರ ದಕ್ಷಿಣವಾಗಿ ಸುಮಾರು 80 ಕಿಲೋಮೀಟರ್ ಉದ್ದ, ಅಗಲ ಕೆಲವೇ ಕಿಲೋಮೀಟರ್. ಚಿನ್ನ ಸಿಕ್ಕಿದ್ದು ಆ ಪಟ್ಟಿಯಲ್ಲಿ. ನಮ್ಮ ತಾತ ಚಾಂಪಿಯನ್ ರೀಫ್‌ನಲ್ಲಿ ಇಳಿಯುತ್ತಿದ್ದರು. ಗಣಿ 3 ಕಿಲೋಮೀಟರಿಗೂ ಜಾಸ್ತಿ ಆಳ. 2001ರ ಫೆಬ್ರವರಿ 28ಕ್ಕೆ ಮುಚ್ಚಿತು.

ಆ ಕಪ್ಪು ಕಲ್ಲು ಆಂಫಿಬೊಲೈಟ್. ಮೊದಲು ಅದು ಸಮುದ್ರದ ತಳದಲ್ಲಿ ಉಕ್ಕಿದ ಲಾವಾ. ಸುಮಾರು 270 ಕೋಟಿ ವರ್ಷದ ಹಿಂದಿನದು. ನೀರಿನಲ್ಲಿ ಲಾವಾ ಉಕ್ಕಿದರೆ ದಿಂಬು ದಿಂಬಾಗಿ ಗಟ್ಟಿಯಾಗುತ್ತದೆ. ಪೆದ್ದಪಲ್ಲಿ ಹತ್ತಿರದ ಅಂಥ ಬಂಡೆಗಳನ್ನೂ ರಾಷ್ಟ್ರೀಯ ಸ್ಮಾರಕ ಮಾಡಿದ್ದಾರೆ. ಆಮೇಲೆ ಬೆಂದು, ಹಿಂಡಿ, ಹಾರ್ನ್‌ಬ್ಲೆಂಡ್ ಎಂಬ ಕಪ್ಪು ಹರಳು ತುಂಬಿಕೊಂಡಿತು. ಕಲ್ಲನ್ನು ಬಿಸಿಲಿಗೆ ಹಿಡಿದರೆ ಸೂಜಿಯಂಥ ಹರಳುಗಳು ಒಂದೇ ದಿಕ್ಕಿಗೆ ಮಿಂಚುತ್ತವೆ. ಚಿನ್ನ ಇದ್ದದ್ದು ಅದರ ನಡುವೆ ಹೋಗುವ ಕ್ವಾರ್ಟ್ಸ್ ಎಳೆಗಳಲ್ಲಿ. ತಾತ ಅದನ್ನು ರೀಫ್ ಅಂತಲೇ ಕರೆಯುತ್ತಿದ್ದರು.

ಬಂಗಾರಪೇಟೆ ಅಣ್ಣ, ನಿಮ್ಮ ಬಿಳಿ ಪಟ್ಟೆಯಲ್ಲಿ ಚಿನ್ನ ಇದ್ದರೆ ನಮಗೂ ಹೇಳಿ.

ಬಂಗಾರಪೇಟೆ ರೋಡ್

ಇದ್ದರೆ ಇಲ್ಲಿ ಬಂದು ಯಾಕೆ ಬರೆಯುತ್ತೇನೆ ಹೇಳಿ!

ಚಿಂತಾಮಣಿ ಮೇಷ್ಟ್ರು

ಕೆಜಿಎಫ್‌ನವರು ಒಳ್ಳೆಯ ಜಾಗಕ್ಕೆ ತಂದರು. ಎಲ್ಲಿ ಜೋರಾಗಿ ಹಿಂಡಿದೆಯೋ ಅಲ್ಲಿ ಆ ದಿಂಬುಗಳು ಚಪ್ಪಟೆಯಾಗಿ ಒಂದರ ಮೇಲೊಂದು ಒತ್ತಿಕೊಂಡು ಪಟ್ಟೆಯಾಗಿಬಿಡುತ್ತವೆ. ದಿಂಬಿನ ಸಿಪ್ಪೆ ಒಂದು ಬಣ್ಣ, ತಿರುಳು ಒಂದು ಬಣ್ಣ. ಅಂಥ ಕಲ್ಲು ಕೊಟ್ಟರೆ ಇದು ಕೆಸರಿನ ಪದರ ಎಂದು ಯಾರಾದರೂ ಹೇಳಿಯಾರು. ಹಿಂಡದೆ ಉಳಿದ ಜಾಗ ಸಿಕ್ಕಿದರೆ ಮಾತ್ರ ಗುಟ್ಟು ಬಯಲು.

ನಿಮ್ಮ ಹೊಂಡದ ಗೇಣಗಲದ ಕಪ್ಪು ಪಟ್ಟೆಯೂ ನನ್ನ ಅಂದಾಜಿನಲ್ಲಿ ಇಂಥ ಆಂಫಿಬೊಲೈಟೇ. ಹಳೆಯ ಲಾವಾ ತುಂಡೋ, ಬಿರುಕಿನಲ್ಲಿ ನುಗ್ಗಿದ ಶಿಲಾರಸವೋ, ನೈಸ್ ಜೊತೆಗೆ ಸಿಕ್ಕಿಕೊಂಡು ಎಳೆಸಿಕೊಂಡಿದೆ. ಬಿಸಿಯಲ್ಲಿ ಬಿಳಿ ಕಲ್ಲು ಮೆತ್ತಗಾಗಿ ಹರಿಯುತ್ತದೆ, ಕಪ್ಪು ಕಲ್ಲು ಅಷ್ಟು ಮೆತ್ತಗಾಗುವುದಿಲ್ಲ. ಎಳೆದರೆ ತುಂಡಾಗುತ್ತದೆ. ತುಂಡುಗಳ ನಡುವಿನ ಸಂದಿಗೆ ಬಿಳಿಯದು ನುಗ್ಗುತ್ತದೆ. ನೀವು ಬರೆದದ್ದು ಅದನ್ನೇ.

ಈಗ ಕಾಡಿಗೆ ಗೆರೆ. ಅದು ಅರ್ಧ ಕರಗಿದ್ದಕ್ಕೆ ಸಾಕ್ಷಿ. ಸ್ವಲ್ಪ ನೀರಿನಂಶ ಇದ್ದರೆ 650ರಿಂದ 700 ಡಿಗ್ರಿ ಸೆಲ್ಸಿಯಸ್‌ಗೆ ಇಂಥ ಕಲ್ಲು ಕರಗಲು ಶುರುವಾಗುತ್ತದೆ. ಎಲ್ಲ ಒಟ್ಟಿಗೆ ಕರಗುವುದಿಲ್ಲ. ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಮೊದಲು. ಆ ಬಿಳಿ ರಸ ಒಂದು ಕಡೆ ಸೇರಿಕೊಂಡು ಗಟ್ಟಿಯಾಗುತ್ತದೆ. ಅದು ಬಿಟ್ಟು ಬಂದ ಜಾಗದಲ್ಲಿ ಕರಗದ ಅಭ್ರಕ, ಹಾರ್ನ್‌ಬ್ಲೆಂಡ್ ಉಳಿದು ಅಂಚಿಗೆ ಕಪ್ಪು ಗೆರೆ ಆಗುತ್ತದೆ. ಇಂಥ ಕಲ್ಲಿಗೆ ಮಿಗ್ಮಟೈಟ್ ಎನ್ನುತ್ತಾರೆ. ಅಂಚಿನಲ್ಲಿ ಗೆರೆ ಇಲ್ಲದೆ, ಪಟ್ಟೆಗಳನ್ನು ಕತ್ತರಿಸಿಕೊಂಡು ಹೋಗುವ ಬಿಳಿ ಎಳೆ ಇದ್ದರೆ ಅದು ಹೊರಗಿನಿಂದ ನುಗ್ಗಿದ ರಸ ಇರಬಹುದು.

ಹತ್ತನೇ ಕ್ಲಾಸ್ ಅಮ್ಮ

ನನ್ನ ಮಗಳು ಪಕ್ಕದಲ್ಲಿ ಕೂತು ಓದುತ್ತಿದ್ದಾಳೆ. ಅವಳ ಪ್ರಶ್ನೆ: ರಾಗಿ ಹಿಟ್ಟಿನ ಉಂಡೆ, ಅಕ್ಕಿ ಹಿಟ್ಟಿನ ಉಂಡೆ ಎರಡನ್ನೂ ಸೇರಿಸಿ ಲಟ್ಟಿಸಿ, ಮಡಚಿ, ಮತ್ತೆ ಲಟ್ಟಿಸಿದರೆ ಪಟ್ಟೆ ಬರುತ್ತದಲ್ಲ, ಹಾಗಾ?

ಚಿಂತಾಮಣಿ ಮೇಷ್ಟ್ರು

ಜಾಣೆ! ಅದೂ ಒಂದು ದಾರಿ. ಮೊದಲು ಕಲ್ಲಿನಲ್ಲಿ ಎಲ್ಲೆಲ್ಲೋ ಅಡ್ಡಾದಿಡ್ಡಿ ಎಳೆ, ತುಂಡು ಇದ್ದರೂ, ಎಳೆದು ಮಡಚಿ ಮತ್ತೆ ಎಳೆದರೆ ಎಲ್ಲವೂ ಒಂದೇ ದಿಕ್ಕಿಗೆ ಬಂದು ಸಾಲು ಪಟ್ಟೆ ಆಗುತ್ತದೆ. ಮೊದಲು ಒಂದಕ್ಕೊಂದು ಯಾವ ಕೋನದಲ್ಲಿದ್ದವು ಎನ್ನುವುದು ಅಳಿಸಿಹೋಗುತ್ತದೆ. ಹಿಟ್ಟಿಗೂ ಕಲ್ಲಿಗೂ ಒಂದೇ ವ್ಯತ್ಯಾಸ, ಕಲ್ಲಿನಲ್ಲಿ ಎಳೆಯುವಾಗಲೇ ಹೊಸ ಹರಳು ಬೆಳೆಯುತ್ತಲೂ ಇರುತ್ತದೆ.

ಮಗಳಿಗೆ ಹೇಳಿ, ಪಟ್ಟೆಗಳ ನಡುವೆ ಇಂಗ್ಲಿಷ್ ಎಸ್ ಅಥವಾ ಝಡ್ ಅಕ್ಷರದಂಥ ಪುಟ್ಟ ಮಡಿಕೆ ಎಲ್ಲಾದರೂ ಒಂಟಿಯಾಗಿ ಸಿಕ್ಕಿದರೆ ಅದು ಈ ದಾರಿಯ ಗುರುತು. ಮಡಿಕೆಯ ಎರಡೂ ತುದಿ ಎಳೆದು ಕಳೆದುಹೋಗಿ, ಬಾಗಿದ ಭಾಗ ಮಾತ್ರ ಉಳಿದಿರುತ್ತದೆ.

ಚಿ.ನಾ.ಹಳ್ಳಿ ತೆಂಗು

ಎಲ್ಲರೂ ಸೇರಿ ಪದರ ಅಂದರೆ ನೀರಲ್ಲ ಅಂತ ತೀರ್ಪು ಕೊಟ್ಟ ಹಾಗಿದೆ. ನಮ್ಮ ಚಿಕ್ಕನಾಯಕನಹಳ್ಳಿ ಕಡೆ ಬನ್ನಿ. ಕಬ್ಬಿಣದ ಅದಿರಿನ ಬೆಟ್ಟಗಳಲ್ಲಿ ಕೆಂಪು, ಕಪ್ಪು, ಬೂದಿ ಬಣ್ಣದ ಪಟ್ಟೆ ಕಲ್ಲು ಸಿಗುತ್ತದೆ. ಒಂದು ಪಟ್ಟೆ ಕಬ್ಬಿಣ, ಒಂದು ಪಟ್ಟೆ ಸಿಲಿಕಾ, ಅಂದರೆ ಬೆಣಚಿನ ವಸ್ತು. ಅದು ಸಮುದ್ರದ ನೀರಿನಿಂದ ಇಳಿದು ಕೂತ ಪದರ ಅಂತಲೇ ನಮಗೆ ಗೊತ್ತಿರುವುದು.

ಚಿಂತಾಮಣಿ ಮೇಷ್ಟ್ರು

ಖಂಡಿತ. ಅಲ್ಲಿನದು ನಿಜವಾದ ಪದರ. ಚಿತ್ರದುರ್ಗದ ಕಡೆಯಿಂದ ಬರುವ ಕಲ್ಲಿನ ಪಟ್ಟಿ ತುಮಕೂರು ಜಿಲ್ಲೆಯ ಪಶ್ಚಿಮ ಭಾಗದಲ್ಲಿ ಹಾದು ಹೋಗುತ್ತದೆ. ಅದರಲ್ಲಿ ಸಮುದ್ರದಲ್ಲಿ ಕರಗಿದ್ದ ಕಬ್ಬಿಣ, ಸಿಲಿಕಾ ಪದರ ಪದರವಾಗಿ ತಳಕ್ಕೆ ಇಳಿದದ್ದು ಉಳಿದುಕೊಂಡಿದೆ. ಆಮೇಲೆ ಅದೂ ಬೆಂದಿದೆ, ಮಡಚಿದೆ. ಆದರೂ ಮೂಲ ಪದರ ಅಳಿಸಿಲ್ಲ. ಸ್ಪೀಕರಿನ ಹಳೆಯ ಮ್ಯಾಗ್ನೆಟ್ ಹಿಡಿದು ನೋಡಿ, ಮ್ಯಾಗ್ನಟೈಟ್ ಎಂಬ ಕಬ್ಬಿಣದ ಖನಿಜ ಇರುವ ಪಟ್ಟೆಗೆ ಅಂಟುತ್ತದೆ, ಪಕ್ಕದ ಬೆಣಚು ಪಟ್ಟೆಗೆ ಅಂಟುವುದಿಲ್ಲ.

ನಾನು ಹೇಳುವುದು ಇಷ್ಟೇ. ಪದರದ ಆಕಾರ ನೋಡಿ ಹುಟ್ಟು ಹೇಳುವುದಕ್ಕಾಗುವುದಿಲ್ಲ. ಪಟ್ಟೆಯ ಒಳಗೆ ಏನಿದೆ, ಅಂಚು ಹೇಗಿದೆ, ಪಕ್ಕದ ಪಟ್ಟೆಗೆ ಏನು ಮಾಡಿದೆ, ಅದನ್ನು ನೋಡಬೇಕು. ಕಬ್ಬಿಣದ ಖನಿಜವೇ ಹೆಚ್ಚು ಪಾಲು ಇರುವ ಪಟ್ಟೆ, ಸಿಲಿಕಾ ಪಟ್ಟೆಯ ಪಕ್ಕದಲ್ಲಿ, ಮೈಲಿಗಟ್ಟಲೆ ಉದ್ದಕ್ಕೂ ಹಾಗೇ ಮುಂದುವರಿಯುತ್ತದೆ ಅಂದರೆ ಬರೀ ಒತ್ತಡದಿಂದ ಅದು ಬರುವುದಿಲ್ಲ.

ಪುರಿ ಪ್ರಿಯ

270 ಕೋಟಿ, 250 ಕೋಟಿ ಅಂತ ಇಷ್ಟು ಗ್ಯಾರಂಟಿಯಾಗಿ ಹೇಗೆ ಹೇಳುತ್ತೀರಿ ಮೇಷ್ಟ್ರೇ? ಬರ್ತ್ ಸರ್ಟಿಫಿಕೇಟ್ ಇದೆಯಾ?

ಚಿಂತಾಮಣಿ ಮೇಷ್ಟ್ರು

ಇದೆ. ಜಿರ್ಕಾನ್ ಅಂತ ಅದರ ಹೆಸರು. ಮರಳಿನ ಕಾಳಿಗಿಂತ ಸಣ್ಣ ಹರಳು. ಬೆಳೆಯುವಾಗ ಯುರೇನಿಯಂ ಒಳಗೆ ಬಿಟ್ಟುಕೊಳ್ಳುತ್ತದೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ 238 ಅರ್ಧದಷ್ಟು ಸೀಸವಾಗಲು 447 ಕೋಟಿ ವರ್ಷ ಬೇಕು. ಈಗ ಅದರೊಳಗೆ ಎಷ್ಟು ಸೀಸ ಇದೆ ಎಂದು ಅಳೆದರೆ ವಯಸ್ಸು ಸಿಗುತ್ತದೆ. ನೈಸಿನಲ್ಲಿ ಒಂದೇ ಜಿರ್ಕಾನಿಗೆ ಎರಡು ವಯಸ್ಸು ಇರುವುದೂ ಉಂಟು. ತಿರುಳು ಮೂಲ ಕಲ್ಲು ಹುಟ್ಟಿದ ಕಾಲದ್ದು, ಹೊರಗಿನ ಸುತ್ತು ಆಮೇಲೆ ಬೆಂದ ಕಾಲದ್ದು. ಪೆನಿನ್ಸುಲರ್ ನೈಸ್ ಒಂದೇ ದಿನ ಹುಟ್ಟಿದ್ದಲ್ಲ. ಸುಮಾರು 340 ಕೋಟಿಯಿಂದ 250 ಕೋಟಿ ವರ್ಷದವರೆಗೆ ಬೇರೆ ಬೇರೆ ತುಂಡುಗಳಿವೆ.

ಮಾರಿಕುಪ್ಪಂ ಲೋಕಲ್

ಕೆಜಿಎಫ್ ಪಟ್ಟಿಯ ಪಶ್ಚಿಮದ ನೈಸ್ ಒಂದು ವಯಸ್ಸು, ಪೂರ್ವದ್ದು ಇನ್ನೊಂದು. ಪಶ್ಚಿಮದ್ದು ಹಳೆಯದು. ಎರಡು ಬೇರೆ ಬೇರೆ ಭೂಭಾಗ ಬಂದು ಕೂಡಿಕೊಂಡ ಹೊಲಿಗೆಯೇ ನಮ್ಮ ಕೆಜಿಎಫ್ ಅಂತ ಕೆಲವು ವಿಜ್ಞಾನಿಗಳು ಬರೆದಿದ್ದಾರೆ. ನಾನು ಆ ಪಕ್ಷ.

ಚಿಂತಾಮಣಿ ಮೇಷ್ಟ್ರು

ಅದನ್ನು ಒಪ್ಪದವರೂ ಇದ್ದಾರೆ. ನಾನು ಅರ್ಧ ಒಪ್ಪುತ್ತೇನೆ. ಅದಕ್ಕೆ ಬೇರೆ ದಿನ ಜಗಳ ಆಡೋಣ.

ರಿಗ್ ಗಾಡಿ

ಬೋರ್ ವಿಷಯ ಎಲ್ಲರೂ ಮರೆತಿರಿ. ನಾನು ಗಾಡಿ ಜೊತೆ ಕೋಲಾರ, ಶ್ರೀನಿವಾಸಪುರ, ಚಿಂತಾಮಣಿ ಎಲ್ಲ ಸುತ್ತಿದವನು. ಪಟ್ಟೆ ನೋಡಿ ನೀರು ಹೇಳುವುದಕ್ಕಾಗುವುದಿಲ್ಲ ಅಣ್ಣ. ಕೊರೆಯುವಾಗ ಬೂದಿ ಬಿಳಿ ಪುಡಿ ಬರುತ್ತಿರುತ್ತದೆ, ಕಪ್ಪು ಪಟ್ಟೆ ಬಂದಾಗ ಕಪ್ಪು ಪುಡಿ, ಮತ್ತೆ ಬಿಳಿ. ಪುಡಿ ಬಣ್ಣ ಬದಲಾದ ಮಾತ್ರಕ್ಕೆ ನೀರು ಬರಲ್ಲ. ನೀರು ಇರುವುದು ಗ್ಯಾಪ್‌ನಲ್ಲಿ, ಅಂದರೆ ಬಂಡೆಯ ಬಿರುಕಿನಲ್ಲಿ. ರಾಡ್ ಇದ್ದಕ್ಕಿದ್ದಂತೆ ಸರ್ರನೆ ಇಳಿಯುತ್ತದೆ, ಪುಡಿ ಒದ್ದೆಯಾಗುತ್ತದೆ, ಅದು ಗ್ಯಾಪ್. ಆಳ ಹೋದಂತೆ ಗ್ಯಾಪ್ ಕಡಿಮೆ. ಆದರೂ 1,500 ಅಡಿ ಹೋಗುವವರು ಹೋಗುತ್ತಲೇ ಇದ್ದಾರೆ.

ಒಂದೇ ಒಂದು ಕಪ್ಪು ಕಲ್ಲು ಲೆಕ್ಕಕ್ಕೆ ಬರುತ್ತದೆ. ಉದ್ದಕ್ಕೆ ಗೋಡೆ ಕಟ್ಟಿದ ಹಾಗೆ ನೇರವಾಗಿ ಹೋಗುತ್ತದಲ್ಲ, ಆ ಕರಿಕಲ್ಲು. ಅದರ ಪಕ್ಕದಲ್ಲಿ ಕೆಲವು ಸಲ ಒಳ್ಳೆಯ ನೀರು ಸಿಕ್ಕಿದೆ. ಅದರ ಮೇಲೇ ಕೊರೆದವರದು ಬಹಳ ಕಡೆ ಫೇಲ್.

ಚಿಂತಾಮಣಿ ಮೇಷ್ಟ್ರು

ಇವರ ಮಾತು ಗಟ್ಟಿ. ಅದು ಡಾಲರೈಟ್ ಡೈಕ್. ಪಟ್ಟೆ ಎಲ್ಲ ಮುಗಿದು, ಕಲ್ಲು ತಣ್ಣಗಾದ ಮೇಲೆ, ಬಿರುಕಿನಲ್ಲಿ ನುಗ್ಗಿದ ಶಿಲಾರಸ. ಪಾಲಿಶ್ ಮಾಡಿ ಅಡುಗೆಮನೆ ಕಟ್ಟೆಗೆ ಬ್ಲ್ಯಾಕ್ ಗ್ರಾನೈಟ್ ಎಂದು ಮಾರುವ ಎಷ್ಟೋ ಕಲ್ಲು ಇದೇ. ಡೈಕ್ ಹೇಗೆ ಗುರುತಿಸಬೇಕೆಂದರೆ, ನೈಸಿನ ಪಟ್ಟೆಗಳನ್ನು ಕತ್ತರಿಸಿಕೊಂಡು ಹೋಗುತ್ತದೆ, ದೂರದವರೆಗೆ ಹೆಚ್ಚು ಕಡಿಮೆ ಒಂದೇ ಅಗಲ ಇರುತ್ತದೆ, ಅಂಚಿನಲ್ಲಿ ಕಾಳು ತೀರಾ ನಯ, ನಡುವೆ ಸ್ವಲ್ಪ ದಪ್ಪ. ಅಂಚು ಬೇಗ ತಣ್ಣಗಾದದ್ದೇ ಅದಕ್ಕೆ ಕಾರಣ. ನೆಲದೊಳಗೆ ಅದು ನೀರಿಗೆ ಅಡ್ಡಗೋಡೆಯಾಗಿ ನಿಲ್ಲುತ್ತದೆ, ಪಕ್ಕದ ಕಲ್ಲು ಬಿರುಕು ಬಿಟ್ಟಿದ್ದರೆ ಅಲ್ಲಿ ನೀರು ಸೇರುತ್ತದೆ.

ನಿಮ್ಮ ಹೊಂಡದ ಗೇಣಗಲದ್ದು ಪಟ್ಟೆಯ ಜೊತೆಯಲ್ಲೇ ಹೋಗುತ್ತದೆ, ತುಂಡು ತುಂಡಾಗಿದೆ. ಡೈಕ್ ಅಲ್ಲ. ಮಾವನವರಿಗೆ ನಮಸ್ಕಾರ ಹೇಳಿ, ಆದರೆ ಅದರ ಮೇಲೆ ದುಡ್ಡು ಹಾಕಬೇಡಿ. ಬಿರುಕು ಎಲ್ಲಿದೆ ಎಂದು ಕರೆಂಟ್ ಹಾಯಿಸಿ ಪರೀಕ್ಷೆ ಮಾಡುವ ಜಿಯಾಲಜಿಸ್ಟ್ ಹತ್ತಿರ ತೋರಿಸಿ.

ಬಂಗಾರಪೇಟೆ ರೋಡ್

ಮಾವ ಇದನ್ನೆಲ್ಲ ಓದಿಸಿಕೊಂಡು ಕೇಳಿದರು. ತೆಂಗಿನಕಾಯಿ ಹಿಡಿದು ನೋಡುವವರನ್ನು ಭಾನುವಾರ ಕರೆಸುತ್ತಾರಂತೆ. ನಾನು ಜಿಯಾಲಜಿಸ್ಟ್ ನಂಬರ್ ಹುಡುಕುತ್ತಿದ್ದೇನೆ. ಒಡೆದ ಕಲ್ಲು ಒಂದು ಟ್ರ್ಯಾಕ್ಟರ್ ಲೋಡ್ ಇದೆ. ಬೇಲಿಗೆ ಕಲ್ಲುಕೂಚ ಮಾಡಿಸಬಹುದಾ?

ಶಿಡ್ಲಘಟ್ಟ ಕಲ್ಲುಕೆಲಸ

ಬ್ರೇಕರ್ ಹೊಡೆದ ಕಲ್ಲಲ್ಲಿ ಕೂಚ ಬರಲ್ಲ, ಒಳಗೆ ಒಡಕು ಇರುತ್ತದೆ. ಹೊಂಡದ ಏರಿಗೆ ಕಲ್ಲು ಕಟ್ಟಿಸಿ. ಕಾಗೆಬಂಗಾರ ಜಾಸ್ತಿ ಇರುವ ತುಂಡುಗಳನ್ನು ನೀರು ತಾಗುವ ಕಡೆ ಇಡಬೇಡಿ. ಪಟ್ಟೆ ಅಡ್ಡಕ್ಕೆ ಮಲಗುವ ಹಾಗೆ ಇಡಿ. ನಿಲ್ಲಿಸಿ ಇಟ್ಟರೆ ಚಕ್ಕೆ ಚಕ್ಕೆಯಾಗಿ ಬಿಚ್ಚಿಕೊಳ್ಳುತ್ತದೆ.

ಪಾವಗಡ ಬಿಸಿಲು

ತಡವಾಗಿ ಬಂದೆ. ಒಂದು ಕೇಳಬೇಕಿತ್ತು. ನಮ್ಮ ಕಡೆ ಬೋರ್ ನೀರಿನಲ್ಲಿ ಫ್ಲೋರೈಡ್. ಹಲ್ಲೆಲ್ಲ ಕಂದು ಕಲೆ. ಅದಕ್ಕೂ ಈ ಕಪ್ಪು ಪಟ್ಟೆಗೂ ಸಂಬಂಧ ಇದೆಯಾ?

ಚಿಂತಾಮಣಿ ಮೇಷ್ಟ್ರು

ಇದೆ, ಆದರೆ ಪಟ್ಟೆಗಲ್ಲ, ಅದರೊಳಗಿನ ಹರಳಿಗೆ. ಬಯೊಟೈಟ್, ಹಾರ್ನ್‌ಬ್ಲೆಂಡ್, ಅಪಟೈಟ್ ಇವುಗಳಲ್ಲಿ ಫ್ಲೋರಿನ್ ಸ್ವಲ್ಪ ಸ್ವಲ್ಪ ಇರುತ್ತದೆ. ಪಟ್ಟೆ ಇಲ್ಲದ ನಿಮ್ಮ ಕಡೆಯ ಗ್ರಾನೈಟಿನಲ್ಲೂ ಇವೆಲ್ಲ ಇವೆ. ಬಿರುಕಿನಲ್ಲಿ ನೀರು ಬಹಳ ಕಾಲ ನಿಂತರೆ ಕಲ್ಲಿನಿಂದ ಬಿಟ್ಟುಕೊಳ್ಳುತ್ತದೆ. ಮಳೆ ಕಡಿಮೆ, ಹೊಸ ನೀರು ಇಂಗುವುದು ಕಡಿಮೆ, ನೀರಿನಲ್ಲಿ ಸುಣ್ಣದ ಅಂಶ ಕಡಿಮೆಯಾಗಿ ಸೋಡಾ ಅಂಶ ಜಾಸ್ತಿ ಆದರೆ ಇನ್ನಷ್ಟು ಏರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ಕುದಿಸಿದರೆ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ. ಆರ್‌ಒ ನೀರು ಅಥವಾ ಮಳೆ ನೀರು ಹಿಡಿದಿಟ್ಟು ಕುಡಿಯಿರಿ. ಮಕ್ಕಳಿಗಂತೂ ಮೊದಲು ಅದನ್ನೇ ಕೊಡಿ.

ಪಾವಗಡ ಬಿಸಿಲು

ಸರಿ ಮೇಷ್ಟ್ರೇ. ತಾರಸಿ ನೀರು ಹಿಡಿಯುವುದಕ್ಕೆ ಸಂಪು ಇದೆ, ಪೈಪ್ ಮಾತ್ರ ಹಾಕಿಸಬೇಕು.